ಸರಮೆಯ ಮರಿ, ನಮ್ಮ ಚುಕ್ಕಿ

ಮಹಾಭಾರತದ ಆದಿಪರ್ವದಲ್ಲಿ ಸರ್ಪಯಾಗದ ಕತೆ ಶುರುವಾಗುವುದಕ್ಕೆ ಮೊದಲೇ ಒಂದು ನಾಯಿಮರಿ ಬರುತ್ತದೆ. ಜನಮೇಜಯ ಕುರುಕ್ಷೇತ್ರದಲ್ಲಿ ದೀರ್ಘ ಸತ್ರವೊಂದನ್ನು ನಡೆಸುತ್ತಿರುತ್ತಾನೆ. ದೇವಲೋಕದ ನಾಯಿ ಸರಮೆಯ ಮರಿ ಆಡುತ್ತ ಆಡುತ್ತ ಅಲ್ಲಿಗೆ ಬರುತ್ತದೆ. ಜನಮೇಜಯನ ಮೂವರು ತಮ್ಮಂದಿರು ಅದನ್ನು ಹಿಡಿದು ಬಡಿಯುತ್ತಾರೆ. ಮರಿ ಅಳುತ್ತ ತಾಯಿಯ ಹತ್ತಿರ ಓಡುತ್ತದೆ. ನೀನೇನೋ ತಪ್ಪು ಮಾಡಿರಬೇಕು ಎನ್ನುತ್ತಾಳೆ ತಾಯಿ. ಇಲ್ಲ, ಹವಿಸ್ಸಿಗೆ ಬಾಯಿ ಹಾಕಲಿಲ್ಲ, ಅದರ ಕಡೆ ನೋಡಲೂ ಇಲ್ಲ ಎನ್ನುತ್ತದೆ ಮರಿ. ಸರಮೆ ಯಾಗಶಾಲೆಗೆ ಬಂದು ನ್ಯಾಯ ಕೇಳುತ್ತಾಳೆ. ಯಾರೂ ಬಾಯಿ ಬಿಡುವುದಿಲ್ಲ. ಎತ್ತಣಿಂದ ಎಂದು ತಿಳಿಯದ ಭಯವೊಂದು ಬಂದೆರಗಲಿ ಎಂದು ಶಪಿಸಿ ಅವಳು ಹೊರಟುಹೋಗುತ್ತಾಳೆ.

ಈ ಭಾಗವನ್ನು ತರಗತಿಯಲ್ಲಿ ಹಲವು ಸಲ ಹೇಳಿದ್ದೇನೆ. ಹೇಳಿದ್ದೇನೆ ಅನ್ನುವುದಕ್ಕಿಂತ ದಾಟಿಸಿದ್ದೇನೆ ಎಂದರೆ ಸರಿ. ಮುಂದೆ ಉತ್ತಂಕ, ತಕ್ಷಕ, ಆಸ್ತೀಕ ಎಲ್ಲ ಕಾಯುತ್ತಿರುವಾಗ ನಾಯಿಮರಿಯ ಬಳಿ ಯಾರು ನಿಲ್ಲುತ್ತಾರೆ? ನಾನು ನಿಂತದ್ದು 2020ರ ದೀಪಾವಳಿಯ ನಂತರ. ಸರಮೆ ಶಾಪವಾಗಿ ಸಾವನ್ನು ಕೊಡಲಿಲ್ಲ, ರೋಗವನ್ನು ಕೊಡಲಿಲ್ಲ, ರಾಜ್ಯ ಹೋಗಲಿ ಎನ್ನಲಿಲ್ಲ. ಭಯವನ್ನು ಕೊಟ್ಟಳು. ತನ್ನ ಮರಿಗೆ ಅವರು ಕೊಟ್ಟಿದ್ದೂ ಅದನ್ನೇ.

ಚುಕ್ಕಿ ನಮ್ಮ ಮನೆಗೆ ಬಂದದ್ದು ಆ ವರ್ಷದ ಮಾರ್ಚ್ ಎರಡನೇ ವಾರ. ಕನಕಪುರ ರಸ್ತೆಯಾಚೆ ಗೆಳೆಯರೊಬ್ಬರ ತೋಟದ ಕೊಟ್ಟಿಗೆಯಲ್ಲಿ ಹುಟ್ಟಿದ ಹೆಣ್ಣುಮರಿ. ಎಂಟು ವಾರ ತುಂಬಿತ್ತು. ಮೈಯೆಲ್ಲ ಕಂದು, ಹಣೆಯ ಮೇಲೆ ಮಾತ್ರ ಒಂದು ಬಿಳಿ ಮಚ್ಚೆ. ಯಾವ ಜಾತಿ ಎಂದು ಕೇಳಿದವರಿಗೆ ‘ನಮ್ಮದೇ’ ಎನ್ನುತ್ತಿದ್ದೆ. ಬಂದು ಹತ್ತು ಹನ್ನೆರಡು ದಿನ ಕಳೆಯುವುದರೊಳಗೆ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಪಶುವೈದ್ಯರು, ಮೂರೂ ಸೂಜಿ ಮುಗಿಯುವವರೆಗೆ ನೆಲಕ್ಕೆ ಬಿಡಬೇಡಿ, ಬೇರೆ ನಾಯಿಗಳ ಹತ್ತಿರ ಸೇರಿಸಬೇಡಿ ಎಂದಿದ್ದರು. ಸರ್ಕಾರ ನಮಗೂ ಹೆಚ್ಚುಕಡಿಮೆ ಅದನ್ನೇ ಹೇಳಿತ್ತು. ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾನು, ನನ್ನ ಹೆಂಡತಿ, ಚುಕ್ಕಿ. ನಾನು ಲ್ಯಾಪ್‌ಟಾಪಿನ ಮುಂದೆ ಕೂತು ನಲವತ್ತು ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಅವಳು ನನ್ನ ಕಾಲ ಮೇಲೆ ಗಲ್ಲ ಇಟ್ಟು ಮಲಗುತ್ತಿದ್ದಳು. ಎಷ್ಟು ಒಳ್ಳೆಯ ಮರಿ, ಒಂದು ಚೂರೂ ಗಲಾಟೆಯಿಲ್ಲ ಎಂದು ಫೋನಿನಲ್ಲಿ ಎಲ್ಲರಿಗೂ ಹೇಳಿಕೊಂಡೆ.

ಆ ಮೂರು ತಿಂಗಳಲ್ಲಿ ಅವಳು ಕಂಡ ಪೂರ್ತಿ ಮುಖಗಳು ಎರಡು. ಹಾಲಿನವನು, ಸಿಲಿಂಡರಿನವನು, ಕೊನೆಗೆ ಸೂಜಿ ಹಾಕಿದ ವೈದ್ಯರು ಸಹ ಅವಳಿಗೆ ಅರ್ಧ ಮುಖದವರೇ. ಮಗು ಎನ್ನುವ ಪ್ರಾಣಿಯನ್ನು ಅವಳು ನೋಡಿಯೇ ಇರಲಿಲ್ಲ.

ದೀಪಾವಳಿಯ ಸಂಜೆ ಕೆಳಗಿನ ಮನೆಯವರು ತಟ್ಟೆಯಲ್ಲಿ ಸಿಹಿ ತಂದರು. ಜೊತೆಗೆ ನಾಲ್ಕು ವರ್ಷದ ಮಗಳು. ಬೀದಿಯಲ್ಲಿ ಯಾರೋ ಪಟಾಕಿ ಹಚ್ಚಿದ್ದರು, ಚುಕ್ಕಿ ಮಂಚದ ಕೆಳಗೆ ಗೋಡೆಗೆ ಅಂಟಿಕೊಂಡು ನಡುಗುತ್ತಿದ್ದಳು. ನಾವು ದೊಡ್ಡವರು ಬಾಗಿಲಲ್ಲಿ ಮಾತಾಡುತ್ತಿದ್ದಾಗ ಮಗು ಒಳಗೆ ಹೋಗಿ, ಮಂಚದಡಿ ಬಗ್ಗಿ, ಹೆದರಿದ ನಾಯಿಯನ್ನು ಸಮಾಧಾನ ಮಾಡಲು ಕೈ ಚಾಚಿತು. ಸಮಾಧಾನ ಮಾಡಲು ಎಂದು ಗೊತ್ತಾದದ್ದು ಆಮೇಲೆ, ಅಳುತ್ತ ಅದು ಹೇಳಿದಾಗ. ಮುಂಗೈ ಮೇಲೆ ಎರಡು ಹಲ್ಲು ಆಳವಾಗಿ ಇಳಿದಿದ್ದವು. ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ತೊಳೆದೆವು. ಆಸ್ಪತ್ರೆ, ಒಂದಾದ ಮೇಲೊಂದು ಐದು ಸೂಜಿ. ಮಗುವಿನ ತಂದೆ ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

ಕಚ್ಚುವ ನಾಯಿ ಎಂದರೆ ಸಿಟ್ಟಿನ ನಾಯಿ ಎಂದು ನಾನು ತಿಳಿದಿದ್ದೆ. ಹೆದರಿದ ನಾಯಿಯೂ ಕಚ್ಚುತ್ತದೆ, ನಾವು ಕಾಣುವ ಕಚ್ಚುಗಳಲ್ಲಿ ಎಷ್ಟೋ ಆ ಬಗೆಯವು ಎನ್ನುವುದು ಓದತೊಡಗಿದ ಮೇಲೆ ತಿಳಿಯಿತು. ಮೊದಲೇ ಓದಬಹುದಿತ್ತು. ಓದುವುದೇ ಕಸುಬಾದವನು ಮರಿ ತರುವ ಮೊದಲು ಅದರ ಬಗ್ಗೆ ಒಂದು ಪುಟವನ್ನೂ ತಿರುವಿರಲಿಲ್ಲ ಎನ್ನುವುದು ಈಗಲೂ ನನಗೆ ವಿಚಿತ್ರವಾಗಿ ಕಾಣುತ್ತದೆ. ಫ್ರಿಜ್ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತಿದ್ದೆ.

ಓದಿದ್ದರಲ್ಲಿ ಮನಸ್ಸಿನಿಂದ ಹೋಗದೇ ಉಳಿದದ್ದು ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರಿನಲ್ಲಿ ನಡೆದ ಒಂದು ಪ್ರಯೋಗ. ಅಲ್ಲಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬಿಬ್ಬರು ವರ್ಷಗಟ್ಟಲೆ ನಾಯಿಮರಿಗಳನ್ನು ಅಭ್ಯಾಸ ಮಾಡಿದರು. ಅವರ ದೊಡ್ಡ ಪುಸ್ತಕ ಬಂದದ್ದು 1965ರಲ್ಲಿ. ಅದಕ್ಕೂ ಮೊದಲು, 1961ರಲ್ಲಿ, ಅದೇ ಜಾಗದಲ್ಲಿ ನಡೆದ ಕೆಲಸದ ಬಗ್ಗೆ ಫ್ರೀಡ್‌ಮನ್, ಕಿಂಗ್, ಎಲಿಯಟ್ ಎಂಬ ಮೂವರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದರು. ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ, ಮನುಷ್ಯರ ಸಂಪರ್ಕವೇ ಇಲ್ಲದಂತೆ ಮರಿಗಳನ್ನು ತಾಯಿಯೊಡನೆ ಬೆಳೆಸಿದರು. ಕೆಲವನ್ನು ಎರಡನೇ ವಾರದಲ್ಲಿ, ಕೆಲವನ್ನು ಮೂರನೆಯದರಲ್ಲಿ, ಹಾಗೆಯೇ ಐದು, ಏಳು, ಒಂಬತ್ತನೇ ವಾರಗಳಲ್ಲಿ ಒಳಗೆ ತಂದು, ಒಂದೊಂದು ವಾರ ಮನುಷ್ಯರೊಂದಿಗೆ ಆಡಲು ಬಿಟ್ಟು ಮತ್ತೆ ಬಯಲಿಗೆ ಕಳಿಸಿದರು. ಮೂರು ವಾರದವು ನೇರ ಮನುಷ್ಯನ ಕಾಲಿಗೆ ಬಂದವು. ಐದು ವಾರದವು ಮೊದಲು ಹಿಂಜರಿದು ಬೇಗನೆ ಒಗ್ಗಿದವು. ಏಳು ವಾರದವಕ್ಕೆ ಎರಡು ದಿನ ಹಿಡಿಯಿತು, ಒಂಬತ್ತರವಕ್ಕೆ ಇನ್ನೂ ಹೆಚ್ಚು. ಹೋಲಿಕೆಗೆಂದು ಹದಿನಾಲ್ಕು ವಾರದವರೆಗೂ ಬಯಲಲ್ಲೇ ಬಿಟ್ಟಿದ್ದ ಮರಿಗಳು ಕಾಡುಪ್ರಾಣಿಗಳಂತೆ ದೂರವೇ ಉಳಿದವು. ಅವುಗಳಲ್ಲೊಂದನ್ನು ಆಮೇಲೆ ಮೂರು ತಿಂಗಳು ಹತ್ತಿರವಿಟ್ಟುಕೊಂಡು ಸವರಿ ಮುದ್ದು ಮಾಡಿದರೂ ಸುಧಾರಿಸಿದ್ದು ಸ್ವಲ್ಪವೇ.

ಲೆಕ್ಕ ಹಾಕಿದೆ. ಚುಕ್ಕಿಗೆ ಹದಿನಾಲ್ಕು ವಾರ ತುಂಬಿದ್ದು ಏಪ್ರಿಲ್ ಮೂರನೇ ವಾರದಲ್ಲಿ. ಆಗ ನಾನು ಬಾಲ್ಕನಿಯ ಬಾಗಿಲನ್ನೂ ಮುಚ್ಚಿಕೊಂಡು ಕೂತಿದ್ದೆ.

ನಾಯಿಮರಿಯ ಕಣ್ಣು ತೆರೆಯುವುದು ಎರಡನೇ ವಾರದ ಸುಮಾರಿಗೆ, ಕಿವಿ ಸರಿಯಾಗಿ ಕೇಳತೊಡಗುವುದು ಮೂರನೇ ವಾರದಲ್ಲಿ. ಅಲ್ಲಿಂದ ಹನ್ನೆರಡು–ಹದಿನಾಲ್ಕು ವಾರದವರೆಗೆ ಅದು ಕಂಡದ್ದನ್ನೆಲ್ಲ ‘ಇದು ಲೋಕದಲ್ಲಿ ಇರುವಂಥದ್ದೇ’ ಎಂದು ಬರೆದುಕೊಳ್ಳುತ್ತದೆ. ಆಮೇಲೆ ಲೆಕ್ಕ ತಿರುಗುತ್ತದೆ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಅಪಾಯ. ಕಾಡಿನಲ್ಲಿ ಹುಟ್ಟಿದ ಪ್ರಾಣಿಗೆ ಇದು ಒಳ್ಳೆಯ ವ್ಯವಸ್ಥೆ. ಹೊಸತನ್ನು ನಂಬುತ್ತಲೇ ಹೋದರೆ ಅದು ಬದುಕುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಹುಟ್ಟಿದ ಪ್ರಾಣಿಯ ಪಟ್ಟಿಯನ್ನು ಬರೆಯುವವರು ನಾವು. ಅದರ ಒಪ್ಪಿಗೆ ಕೇಳದೆ, ಅದು ಬೇಡವೆನ್ನಲು ಬಾರದ ವಯಸ್ಸಿನಲ್ಲಿ, ಅದರ ಇಡೀ ಆಯುಷ್ಯದ ಭಯಗಳನ್ನು ನಾವು ಆರಿಸುತ್ತೇವೆ. ಏನನ್ನೂ ಮಾಡದೆ ಕೂತರೂ ಆರಿಸಿದಂತೆಯೇ. ನಾನು ಮಾಡಿದ್ದು ಅದನ್ನೇ.

ಇಲ್ಲಿ ಬಾರ್ ಹಾರ್ಬರಿನ ಆ ಬಯಲಿಗೆ ಒಂದು ಗಳಿಗೆ ವಾಪಸ್ಸು ಹೋಗಬೇಕು. ಹದಿನಾಲ್ಕು ವಾರ ಬಯಲಲ್ಲೇ ಉಳಿದ ಮರಿಗಳು ತಪ್ಪು ಮಾಡಿರಲಿಲ್ಲ. ಹೆದರಿಕೆ ಹೇಗೆ ಹುಟ್ಟುತ್ತದೆಂದು ತಿಳಿಯಲು ಅವುಗಳಲ್ಲಿ ಹೆದರಿಕೆಯನ್ನು ಹುಟ್ಟಿಸಲಾಯಿತು. ಇವತ್ತು ಯಾರಾದರೂ ಹದಿನಾಲ್ಕು ವಾರ ಎಂದಾಗ, ನಾನೂ ಸೇರಿ, ಆ ಅಂಕಿಯ ಹಿಂದೆ ಆ ಮರಿಗಳಿವೆ. ಅವುಗಳಿಂದ ಸಾವಿರಾರು ಮರಿಗಳಿಗೆ ಒಳ್ಳೆಯದಾಗಿರಬಹುದು, ಆದರೆ ಆ ಮರಿಗಳಿಗೆ ಆಗಲಿಲ್ಲ. ಸತ್ರಕ್ಕೆ ಬಂದು ಸರಮೆ ಕೇಳಿದ ಪ್ರಶ್ನೆಯನ್ನು ಅವುಗಳ ತಾಯಂದಿರು ಬಂದು ಕೇಳಿದರೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ. ಕನಿಷ್ಠ ಪಕ್ಷ, ಅವುಗಳಿಂದ ತಿಳಿದದ್ದನ್ನು ಬಳಸದೇ ಬಿಡುವ ಅಧಿಕಾರ ನಮಗಿಲ್ಲ ಅನ್ನಿಸುತ್ತದೆ.

ಹಾಗಾದರೆ ವೈದ್ಯರು ಹೇಳಿದ್ದು ತಪ್ಪೇ? ಅಷ್ಟು ಸುಲಭವಿಲ್ಲ. ಪಾರ್ವೊ ವೈರಸ್ ನಾಯಿಗಳಲ್ಲಿ ಕಾಣಿಸಿಕೊಂಡದ್ದು 1978ರಲ್ಲಿ. ಕೆಲವೇ ತಿಂಗಳಲ್ಲಿ ಜಗತ್ತನ್ನೆಲ್ಲ ಸುತ್ತಿತು. ರಕ್ತಭೇದಿಯಲ್ಲಿ ಮರಿ ಎರಡು ಮೂರು ದಿನಕ್ಕೆ ಹೋಗಿಬಿಡುತ್ತದೆ, ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವವರೆಗೆ ಸೂಜಿ ನಾಟುವುದಿಲ್ಲ. ಆ ರಕ್ಷಣೆ ಯಾವ ಮರಿಗೆ ಯಾವಾಗ ಇಳಿಯುತ್ತದೆಂದು ಹೇಳಲಾಗುವುದಿಲ್ಲ. ಅದಕ್ಕೇ ಒಂದರ ಹಿಂದೊಂದು ಸೂಜಿ ಹಾಕಿ ಹದಿನಾರನೇ ವಾರದವರೆಗೆ ಎಳೆಯುವುದು. ಇಲ್ಲಿದೆ ಇಕ್ಕಟ್ಟು. ದೇಹಕ್ಕೆ ರಕ್ಷಣೆ ಬರುವ ಹೊತ್ತಿಗೆ ಮನಸ್ಸಿನ ಕಿಟಕಿ ಮುಚ್ಚಿರುತ್ತದೆ. ವೈದ್ಯರು ದಿನವೂ ಪಾರ್ವೊದಿಂದ ಸತ್ತ ಮರಿಗಳನ್ನು ನೋಡುತ್ತಾರೆ. ಭಯದಿಂದ ಕೆಟ್ಟ ನಾಯಿ ಎರಡು ವರ್ಷದ ಮೇಲೆ ಯಾವುದೋ ರಸ್ತೆಬದಿಯಲ್ಲಿ ಬಿಟ್ಟುಬರಲ್ಪಟ್ಟಾಗ ಅದು ಯಾರ ರಿಜಿಸ್ಟರಿಗೂ ಏರುವುದಿಲ್ಲ.

ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘ 2008ರಲ್ಲಿ ಈ ಬಗ್ಗೆ ಒಂದು ನಿಲುವು ಪ್ರಕಟಿಸಿತು. ಮೊದಲ ಸೂಜಿ ಹಾಕಿ ಒಂದು ವಾರವಾಗಿದ್ದರೆ, ಹುಳದ ಔಷಧಿ ಕೊಟ್ಟಿದ್ದರೆ, ಏಳೆಂಟು ವಾರದ ಮರಿಯನ್ನು ತರಗತಿಗೆ ಕರೆದೊಯ್ಯಬಹುದು, ಸೂಜಿಗಳೆಲ್ಲ ಮುಗಿಯಲೆಂದು ಕಾಯಬೇಡಿ ಎಂದಿತು. ಮೂರು ವರ್ಷದೊಳಗಿನ ನಾಯಿಗಳ ಸಾವಿಗೆ ಮೊದಲ ಕಾರಣ ಸೋಂಕುರೋಗವಲ್ಲ, ವರ್ತನೆಯ ತೊಂದರೆ ಎಂದೂ ಹೇಳಿತು. ಕೆಟ್ಟ ನಾಯಿಯನ್ನು ಸೂಜಿ ಹಾಕಿ ಕೊಂದುಬಿಡುವ ರೂಢಿಯ ದೇಶದ ಮಾತು ಅದು, ನಮ್ಮಲ್ಲಿ ಹಾಗೇ ಎತ್ತಿಡಲು ಬರುವುದಿಲ್ಲ. ಪಾರ್ವೊ ಹೆಚ್ಚಿರುವ, ಬೀದಿ ತುಂಬ ಸೂಜಿಯಿಲ್ಲದ ನಾಯಿಗಳಿರುವ ನಮ್ಮ ಊರುಗಳಲ್ಲಿ ಎಚ್ಚರವೂ ಹೆಚ್ಚೇ ಬೇಕು. ಆದರೆ ನೆಲಕ್ಕೆ ಬಿಡಬೇಡಿ ಎಂದರೆ ಲೋಕಕ್ಕೆ ತೋರಿಸಬೇಡಿ ಎಂದಲ್ಲ. ಚೀಲದಲ್ಲಿ ಹಾಕಿಕೊಂಡು ಮೆಟ್ಟಿಲ ಮೇಲೆ ಕೂರಬಹುದಿತ್ತು. ತೋಳಲ್ಲಿ ಎತ್ತಿಕೊಂಡು ಬಾಲ್ಕನಿಯಿಂದ ಆಂಬುಲೆನ್ಸಿನ ಕೂಗು ಕೇಳಿಸಬಹುದಿತ್ತು. ನಾನೇ ತಲೆಗೆ ಹೆಲ್ಮೆಟ್ ಹಾಕಿ, ಛತ್ರಿ ಬಿಚ್ಚಿ, ಕುಂಟುತ್ತ ನಡೆದು ತೋರಿಸಬಹುದಿತ್ತು. ಮಗುವಿನ ನಗು, ಅಳು, ಪಟಾಕಿ ಎಲ್ಲದರ ಧ್ವನಿಯೂ ಫೋನಿನಲ್ಲಿ ಸಿಗುತ್ತದೆ. ಲಾಕ್‌ಡೌನ್ ನನಗೆ ಸಿಕ್ಕ ಒಳ್ಳೆಯ ನೆಪ, ಅಷ್ಟೆ.

ಇದನ್ನೆಲ್ಲ ಹೇಳಿದಾಗ ಊರಿನ ಕಡೆಯವರು ನಗುತ್ತಾರೆ. ನಾಯಿಗೂ ಸ್ಕೂಲಾ? ಅರಕಲಗೂಡು ಕಡೆಯ ನಮ್ಮೂರಿನಲ್ಲಿ ಅಜ್ಜಿ ಸಾಕಿದ ನಾಯಿಗಳಿಗೆ ಲೆಕ್ಕವಿಲ್ಲ. ಎಲ್ಲದರ ಹೆಸರೂ ಕರಿಯ, ಬಿಳಿಯದಾದರೂ ಕರಿಯ. ಒಂದೂ ನಮ್ಮನ್ನು ಕಚ್ಚಲಿಲ್ಲ. ಚಿಕ್ಕವನಿದ್ದಾಗ ಒಂದು ಮರಿಗೆ ಕೈ ಕೊಡುವುದನ್ನು ಕಲಿಸಲು ನಾನು ಒದ್ದಾಡುತ್ತಿದ್ದರೆ ಅಜ್ಜಿ, “ನಾಯಿಗೇನ್ಲಾ ಹೇಳ್ಕೊಡೋದು, ಅದೇ ಕಲ್ತ್ಕತ್ತದೆ ಬಿಡು” ಅಂದಿದ್ದಳು. ತೇಜಸ್ವಿಯವರ ಕಿವಿ ಯಾವ ತರಗತಿಗೆ ಹೋಗಿತ್ತು ಎಂದು ಗೆಳೆಯನೊಬ್ಬ ಕೇಳಿದ.

ಅಜ್ಜಿಯ ಮಾತು ನಿಜವೇ. ಆದರೆ ಅದು ‘ಅದೇ’ ಕಲಿಯುತ್ತಿದ್ದದ್ದು ಎಲ್ಲಿ ಎಂದು ನೆನಪಿಸಿಕೊಂಡೆ. ಮರಿಗಳು ಹುಟ್ಟುತ್ತಿದ್ದದ್ದು ಜಗಲಿಯ ಕೆಳಗೆ, ಸೌದೆ ಒಟ್ಟಿದ ಮೂಲೆಯಲ್ಲಿ. ಕಣ್ಣು ಬಿಡುವ ಮೊದಲೇ ನಾವು ಮಕ್ಕಳು ಎತ್ತಿ ಇಳಿಸಿ, ಗಂಡೋ ಹೆಣ್ಣೋ ನೋಡಿ, ಜಗಳವಾಡಿ ಆಗಿರುತ್ತಿತ್ತು. ಆಮೇಲೆ ಕರು, ಕೋಳಿ, ಒಂಬತ್ತು ಗಂಟೆಯ ಬಸ್ಸು, ಕಂಬಳಿ ಹೊದ್ದು ಬರುವ ಕುರಿಯವನು, ಹೊಗೆಸೊಪ್ಪಿನ ಮಂಡಿಯವರ ಮೋಟರ್ ಸೈಕಲ್ಲು, ಮಾರಮ್ಮನ ಹಬ್ಬದ ತಮಟೆ, ಹೆಣದ ಮುಂದೆ ಹೊಡೆಯುವ ತಮಟೆ. ಹದಿನಾಲ್ಕು ವಾರದೊಳಗೆ ಆ ಮರಿ ನೋಡದ್ದು ಊರಲ್ಲಿ ಏನೂ ಉಳಿದಿರುತ್ತಿರಲಿಲ್ಲ. ಜೋರಾಗಿ ಕಚ್ಚಿದರೆ ತಾಯಿ ಗುರ್ ಎನ್ನುತ್ತಿತ್ತು, ಒಡಹುಟ್ಟಿದ ಮರಿ ಕುಂಯ್ ಎಂದು ಆಟ ಬಿಟ್ಟು ಹೋಗುತ್ತಿತ್ತು. ಹಲ್ಲನ್ನು ಎಷ್ಟು ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವ ಪಾಠ ಅಲ್ಲೇ ಮುಗಿಯುತ್ತಿತ್ತು. ಇಡೀ ಅಂಗಳವೇ ತರಗತಿಯಾಗಿದ್ದಲ್ಲಿ ತರಗತಿಯ ಮಾತೇಕೆ? ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮಗಳು ಹೇಳುವುದರ ಹಿಂದೆ ಇರುವುದೂ ಆ ತಾಯಿಯ ಗುರ್ ಮತ್ತು ಆ ಕುಂಯ್.

ಇಷ್ಟು ಹೇಳಿ ಊರನ್ನು ಹೊಗಳಿ ಮುಗಿಸುವುದು ಮೋಸವಾದೀತು. ಒಂದು ಸೂಲಿನ ಆರು ಮರಿಗಳಲ್ಲಿ ಮಳೆಗಾಲ ದಾಟುತ್ತಿದ್ದದ್ದು ಒಂದೋ ಎರಡೋ. ಭೇದಿಯಾಗಿ ಸಾಯುತ್ತಿದ್ದವು, ಬಸ್ಸಿನಡಿ ಹೋಗುತ್ತಿದ್ದವು, ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ಹಾಕಿ ಹೊಳೆಯಾಚೆ ಬಿಟ್ಟುಬರುತ್ತಿದ್ದರು. ಪುಕ್ಕಲು ಮರಿ ಯಾಕೆ ಕಾಣುತ್ತಿರಲಿಲ್ಲವೆಂದರೆ ಅದು ಉಳಿಯುತ್ತಲೇ ಇರಲಿಲ್ಲ. ನಮ್ಮ ಒಳ್ಳೆಯ ಕರಿಯಗಳೆಲ್ಲ ಬದುಕಿ ಉಳಿದವು. ಉಳಿಯದವುಗಳ ಹೆಸರೂ ಕರಿಯ ಎಂದೇ ಇದ್ದಿರಬೇಕು.

ಎರಡು ವರ್ಷದ ಹಿಂದೆ ತಂಗಿ ಒಂದು ಮರಿ ತಂದಳು. ತಂದ ದಿನವೇ ನಾನು ಹೇಳಿದ್ದರಿಂದ, ಅವಳ ಬಡಾವಣೆಯ ಹತ್ತಿರ ನಡೆಯುವ ಮರಿಗಳ ತರಗತಿಗೆ ಸೇರಿಸಿದಳು. ಆರು ವಾರಕ್ಕೆ ಅವಳು ಕಟ್ಟಿದ ಶುಲ್ಕ ಕೇಳಿದ್ದರೆ ಅಜ್ಜಿ ಅದರಲ್ಲಿ ಎಮ್ಮೆಯ ಕರುವನ್ನೇ ಕೊಳ್ಳುತ್ತಿದ್ದಳೇನೋ. ಮೊದಲ ಭಾನುವಾರ ನಾನೂ ಹೋದೆ. ತಗಡಿನ ಶೆಡ್ಡು, ಬ್ಲೀಚಿಂಗ್ ವಾಸನೆಯ ರಬ್ಬರ್ ಹಾಸು, ಒಳಗೆ ಬರುವ ಮುಂಚೆ ಚಪ್ಪಲಿಯ ತಳಕ್ಕೆ ಔಷಧಿ, ಸೂಜಿಯ ಪುಸ್ತಕ ತೋರಿಸದ ಹೊರತು ಪ್ರವೇಶವಿಲ್ಲ. ಏಳು ಮರಿಗಳು. ‘ಕೂರು’, ‘ನಿಲ್ಲು’ ಎಂದು ಸಾಲಾಗಿ ಕವಾಯತು ಮಾಡಿಸುತ್ತಾರೆ ಎಂದುಕೊಂಡಿದ್ದೆ. ಆ ಬಗೆಯ ಶಿಸ್ತು ಸೈನ್ಯದ, ಪೊಲೀಸಿನ ನಾಯಿಗಳಿಗೆಂದು ಬೆಳೆದದ್ದು. ಕುತ್ತಿಗೆಯ ಸರಪಳಿ ಜಗ್ಗಿ ಕಲಿಸುವ ಆ ಕ್ರಮವನ್ನು ಎಳೆಯ ಕುತ್ತಿಗೆ ತಾಳಲಾರದೆಂದು ಆರು ತಿಂಗಳವರೆಗೆ ಕಾಯುವುದು ರೂಢಿಯಾಗಿತ್ತು. ಅಷ್ಟರಲ್ಲಿ ಕಿಟಕಿ ಮುಚ್ಚಿರುತ್ತಿತ್ತು! 1980ರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇಯಾನ್ ಡನ್‌ಬಾರ್ ಎಂಬ ಪಶುವೈದ್ಯ ಎಳೆಯ ಮರಿಗಳನ್ನು ಹಗ್ಗವಿಲ್ಲದೆ ಒಟ್ಟಿಗೆ ಬಿಟ್ಟು, ಆಟದ ನಡುವೆ ಕಲಿಸುವ ತರಗತಿ ಶುರುಮಾಡಿದ. ಇಲ್ಲಿ ನಡೆಯುತ್ತಿದ್ದದ್ದು ಅದರದೇ ಒಂದು ಬಗೆ.

ಮರಿಗಳು ಉರುಳಾಡುತ್ತಿದ್ದವು. ಮಧ್ಯೆ ಮಧ್ಯೆ ಒಡೆಯರು ಹೋಗಿ ತಮ್ಮ ಮರಿಯನ್ನು ಕರೆದು, ಬೇಯಿಸಿದ ಕೋಳಿಯ ಚೂರು ಕೊಟ್ಟು, ಮತ್ತೆ ಆಟಕ್ಕೆ ಬಿಡುತ್ತಿದ್ದರು. ಕರೆದರೆ ಆಟ ಮುಗಿಯಿತೆಂದಲ್ಲ ಎಂದು ಮರಿಗೆ ತಿಳಿಯಬೇಕಂತೆ. ಮರಿಗಳು ಕೈಯಿಂದ ಕೈಗೆ ಹೋದವು. ಅಪರಿಚಿತರು ಕಿವಿಯೊಳಗೆ ನೋಡಿದರು, ಪಾದ ಹಿಡಿದರು, ತುಟಿ ಎತ್ತಿ ಹಲ್ಲು ನೋಡಿದರು. ಒಬ್ಬ ಹುಡುಗ ಹೆಲ್ಮೆಟ್ ಹಾಕಿಕೊಂಡು ನಡೆದುಹೋದ, ಒಬ್ಬರು ಊರುಗೋಲು ಹಿಡಿದು. ಮೂಲೆಯ ಸ್ಪೀಕರಿನಲ್ಲಿ ಕುಕ್ಕರ್ ಕೂಗಿತು, ಆಮೇಲೆ ಬಹಳ ಸಣ್ಣ ಧ್ವನಿಯಲ್ಲಿ ಪಟಾಕಿ.

ಒಂದು ಮರಿ, ಕಪ್ಪು ಮೂತಿಯದು, ಕುರ್ಚಿಯ ಕೆಳಗೆ ಹೋಗಿ ಕೂತುಬಿಟ್ಟಿತು. ಅದರ ಒಡೆಯ ನಾಚಿಕೆಯಿಂದ ಅದನ್ನು ಎಳೆದು ತರಲು ಹೋದರು. ತರಗತಿ ನಡೆಸುತ್ತಿದ್ದ ಹೆಂಗಸು, ಸುಮಾರು ನಲವತ್ತರವರು, ತಡೆದರು. “ಎಳೀಬೇಡಿ ಸರ್. ಅದಕ್ಕೆ ಓಡಿಹೋಗೋಕೆ ಜಾಗ ಇರ್ಬೇಕು. ಜಾಗ ಇದೆ ಅಂತ ಗೊತ್ತಾದ್ರೆ ಅದೇ ಬರತ್ತೆ.” ಇಪ್ಪತ್ತು ನಿಮಿಷ ಯಾರೂ ಅದರ ಕಡೆ ನೋಡಲಿಲ್ಲ. ಮೊದಲು ಮೂತಿ ಬಂತು. ಆಮೇಲೆ ಎರಡು ಕಾಲು. ತಂಗಿಯ ಮರಿಯ ಬಾಲದ ವಾಸನೆ ನೋಡಿ ವಾಪಸ್ಸು ಓಡಿತು. ಮತ್ತೆ ಬಂತು.

ನನಗೆ ಮಂಚದ ಕೆಳಗಿನ ಗೋಡೆ ಕಣ್ಣಮುಂದೆ ಬಂತು. ಚುಕ್ಕಿಗೆ ಹಿಂದೆ ಹೋಗಲು ಜಾಗವಿರಲಿಲ್ಲ.

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಸಾಕುವುದನ್ನೇ ವಿರೋಧಿಸುತ್ತಾರೆ. ಪ್ರಾಣಿಯನ್ನು ಪಳಗಿಸುವುದು ಗುಲಾಮಗಿರಿ, ಅದಕ್ಕೆ ತರಗತಿ ಬೇರೆ ಇಡುವುದು ಗುಲಾಮಗಿರಿಗೆ ಸರ್ಟಿಫಿಕೇಟು ಕೊಟ್ಟಂತೆ ಎಂದು ಒಬ್ಬಳು ವಾದಿಸಿದಳು. ಅವಳ ಮಾತನ್ನು ತಳ್ಳಿಹಾಕಲಾರೆ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ನೋಡಿ. ತಕ್ಕೋಲದ ಯುದ್ಧದ ಕಾಲದ್ದು, ಸುಮಾರು 949–50ರದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟು ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ, ಹಂದಿ ಕಾದುತ್ತಿರುವ ಚಿತ್ರವಿದೆ. ಒಂದು ನಾಯಿಗೆ ಸಾವಿರ ವರ್ಷದ ಹಿಂದೆ ನಮ್ಮವರು ಕೊಟ್ಟ ಗೌರವ ನೋಡಿ ಹೆಮ್ಮೆಪಟ್ಟವನು ನಾನು. ಈಗ ಆ ಕಲ್ಲಿನ ಮುಂದೆ ನಿಂತರೆ ಬೇರೆ ಯೋಚನೆ ಬರುತ್ತದೆ. ಹಿಂದೆ ಸರಿಯದಂತೆ ಕಾಳಿಯನ್ನು ಮರಿಯಾಗಿದ್ದಾಗಲೇ ಯಾರೋ ತಯಾರು ಮಾಡಿರಬೇಕು. ಅದರ ಧೈರ್ಯ ಎಷ್ಟು ಅದರದು, ಎಷ್ಟು ಕಲಿಸಿದವನದು? ಆ ಕಲಿಕೆಯಿಂದ ಲಾಭವಾದದ್ದು ಯಾರಿಗೆ?

ನನ್ನ ವಿದ್ಯಾರ್ಥಿನಿಗೆ ನಾನು ಕೊಟ್ಟ ಉತ್ತರ ಪೂರ್ತಿ ಅಲ್ಲ, ಆದರೂ ಹೇಳುತ್ತೇನೆ. ಕಲಿಸುವುದರಲ್ಲಿ ಎರಡು ಬಗೆ ಇದೆ. ಒಂದರಿಂದ ನಾಯಿಗೆ ಹೋಗಬಹುದಾದ ದಾರಿಗಳು ಕಡಿಮೆಯಾಗುತ್ತವೆ, ಇನ್ನೊಂದರಿಂದ ಹೆಚ್ಚಾಗುತ್ತವೆ. ಹಂದಿಯಿಂದ ಹಿಂದೆ ಸರಿಯಬೇಡ ಎನ್ನುವುದು ಮೊದಲನೆಯದು. ಛತ್ರಿ ಬಿಚ್ಚಿದರೂ ನಿನಗೇನೂ ಆಗುವುದಿಲ್ಲ ಎಂದು ತಿಳಿಸುವುದು ಎರಡನೆಯದು. ಎರಡನೆಯದನ್ನು ಕಲಿತ ನಾಯಿ ಪಾರ್ಕಿಗೆ ಹೋಗಬಲ್ಲದು, ಬಸ್ ನಿಲ್ದಾಣದ ಪಕ್ಕ ನಡೆಯಬಲ್ಲದು, ಮನೆಗೆ ನೆಂಟರು ಬಂದರೆ ಮಲಗಿಯೇ ಇರಬಲ್ಲದು. ಚುಕ್ಕಿಯನ್ನು ನಾನು ಪಳಗಿಸಲಿಲ್ಲ, ಏನನ್ನೂ ಹೇರಲಿಲ್ಲ, ಅವಳ ಪಾಡಿಗೆ ಬಿಟ್ಟೆ. ಇವತ್ತು ಅವಳಿಗಿರುವ ಲೋಕ ಎರಡು ಕೋಣೆ, ಒಂದು ಬಾಲ್ಕನಿ, ಬೆಳಗಿನ ಐದು ಗಂಟೆಯ ಖಾಲಿ ರಸ್ತೆ. ಸ್ವಾತಂತ್ರ್ಯ ಎಂಬ ಹೆಸರಿನಲ್ಲಿ ಅವಳಿಗೆ ಸಿಕ್ಕಿದ್ದು ಅಷ್ಟು. ನನ್ನ ವಿದ್ಯಾರ್ಥಿನಿ ಕೇಳಿದಳು, “ಆದರೆ ಸರ್, ಯಾವುದು ಅದರ ಒಳ್ಳೆಯದಕ್ಕೆ ಅಂತ ತೀರ್ಮಾನ ಮಾಡೋದು ನೀವೇ ತಾನೆ?” ಹೌದು, ನಾನೇ. ಅದಕ್ಕೆ ಉತ್ತರವಿಲ್ಲ. ಕುರ್ಚಿಯ ಕೆಳಗಿನ ಜಾಗವನ್ನು ಬಿಟ್ಟುಕೊಡುವುದೊಂದೇ ನನಗೆ ಕಾಣುವ ದಾರಿ. ಮರಿ ಬೇಡವೆಂದರೆ ಅದು ನಮಗೆ ಕೇಳಿಸಬೇಕು, ಕೇಳಿಸಿದ ಮೇಲೆ ಎಳೆಯಬಾರದು. ಮನುಷ್ಯರ ಮಕ್ಕಳ ವಿಷಯದಲ್ಲೂ ನಮಗೆ ಇದಕ್ಕಿಂತ ಹೆಚ್ಚಿನ ಉತ್ತರ ಗೊತ್ತಿದೆಯೇ?

ಎಳವೆಯಲ್ಲಿ ರೂಢಿಯಾದದ್ದು ಸಣ್ಣ ವ್ಯತ್ಯಾಸ ಮಾಡುವುದಿಲ್ಲ, ಎಲ್ಲ ವ್ಯತ್ಯಾಸವನ್ನೂ ಅದೇ ಮಾಡುತ್ತದೆ ಎಂಬರ್ಥದ ಮಾತನ್ನು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದ ಎರಡನೇ ಭಾಗದಲ್ಲಿ ಹೇಳುತ್ತಾನೆ. ಧೈರ್ಯವೂ ಅವನ ಪ್ರಕಾರ ಅಭ್ಯಾಸದಿಂದ ಬರುವಂಥದ್ದು. ಆದರೆ ಬೆಳೆದ ಮನುಷ್ಯ ತನ್ನ ಗುಣಕ್ಕೆ ತಾನೂ ಒಂದಿಷ್ಟು ಹೊಣೆ ಎಂದೂ ಅವನು ಹೇಳುತ್ತಾನೆ. ನಾಯಿಗೆ ಆ ಎರಡನೇ ಮಾತು ಅನ್ವಯಿಸುವುದಿಲ್ಲ. ಚುಕ್ಕಿ ಕಚ್ಚಿದಳು, ಹೊಣೆ ಅವಳದಲ್ಲ. ಹಾಗಾದರೆ ಪೂರ್ತಿ ನನ್ನದೇ? 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್, ಥಾಮಸ್ ನಾಗೆಲ್ ಎಂಬಿಬ್ಬರು ದಾರ್ಶನಿಕರು ‘ನೈತಿಕ ಅದೃಷ್ಟ’ ಎಂಬ ಮಾತನ್ನು ಚರ್ಚೆಗೆ ತಂದರು. ಇಬ್ಬರು ಒಂದೇ ಬಗೆಯ ಅಜಾಗರೂಕತೆ ತೋರುತ್ತಾರೆ, ಒಬ್ಬನ ಗಾಡಿಗೆ ಮಗು ಅಡ್ಡ ಬರುತ್ತದೆ, ಇನ್ನೊಬ್ಬನಿಗೆ ಬರುವುದಿಲ್ಲ. ತಪ್ಪು ಒಂದೇ, ಹೊರೆ ಬೇರೆ. ಆ ವರ್ಷ ಮರಿ ತಂದು ನನ್ನಂತೆಯೇ ಬೆಳೆಸಿದವರು ನಮ್ಮ ಕಟ್ಟಡದಲ್ಲೇ ಇನ್ನೂ ಇಬ್ಬರಿದ್ದರು. ಒಂದು ಬೊಗಳುತ್ತಲೇ ಇರುತ್ತದೆ, ಇನ್ನೊಂದು ಲಿಫ್ಟಿಗೆ ಹತ್ತುವುದಿಲ್ಲ. ಅವರಿಬ್ಬರಿಗೂ ರಾತ್ರಿ ನಿದ್ದೆ ಬರುತ್ತದೆ. ಯಾಕೆಂದರೆ ಅವರ ಮಂಚದ ಕೆಳಗೆ ಯಾವ ಮಗುವೂ ಕೈ ಹಾಕಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಬೇರೆ. ಮಗುವಿಗೂ ಒಂದು ಕಿಟಕಿ ಇರುತ್ತದೆ. ನಾಲ್ಕು ವರ್ಷದ ಆ ಮಗು ಹೆದರಿದ ಪ್ರಾಣಿಯ ಹತ್ತಿರ ಹೋಗಬೇಕು, ಕೈ ಚಾಚಬೇಕು ಎಂದು ಯಾರೂ ಹೇಳಿಕೊಡದೆ ತಿಳಿದಿತ್ತು. ಐದು ಸೂಜಿಯ ನಂತರ ಅದು ಬೀದಿಯ ಮರಿಗಳನ್ನು ಕಂಡರೂ ತಾಯಿಯ ಹಿಂದೆ ಅಡಗತೊಡಗಿತು. ಕಾಣದ ಕಡೆಯಿಂದ ಬಂದ ಭಯ. ಒಂದು ಮರಿಯಿಂದ ಹೊರಟು ಇನ್ನೊಂದಕ್ಕೆ ದಾಟಿಕೊಂಡಿತು.

ಚುಕ್ಕಿಯನ್ನು ಸರಿಮಾಡಲು ಮಾಡಬಹುದಾದ್ದನ್ನೆಲ್ಲ ಮಾಡಿದ್ದೇನೆ. ದೂರದಿಂದ ಮಕ್ಕಳನ್ನು ತೋರಿಸುವುದು, ಅವಳು ನಡುಗುವ ಮುಂಚೆ ತಿಂಡಿ ಕೊಟ್ಟು ತಿರುಗಿ ಬರುವುದು, ಮರುದಿನ ಒಂದು ಹೆಜ್ಜೆ ಹತ್ತಿರ. ಮೊದಲ ವರ್ಷ ಐವತ್ತು ಅಡಿ ಇದ್ದದ್ದು ಈಗ ಹದಿನೈದು ಅಡಿ ಆಗಿದೆ. ಅಲ್ಲಿಗೆ ನಿಂತಿದೆ. ಹದಿನಾಲ್ಕು ವಾರದೊಳಗೆ ಒಂದು ಭಾನುವಾರದಲ್ಲಿ ಆಗಬಹುದಾಗಿದ್ದ ಕೆಲಸಕ್ಕೆ ಐದು ವರ್ಷ ಹಿಡಿದಿದೆ, ಮುಗಿದಿಲ್ಲ. ಹೊರಗೆ ಹೊರಟಾಗ ಬಾಯಿಗೆ ಕುಕ್ಕೆ ಹಾಕುತ್ತೇನೆ. ಅದನ್ನು ಹಾಕಿಸಿಕೊಳ್ಳಲು ಅವಳೇ ಮೂತಿ ಮುಂದೆ ಚಾಚುತ್ತಾಳೆ. ಅದನ್ನಾದರೂ ನಿಧಾನವಾಗಿ ಕಲಿಸಿದೆ.

ಕೆಳಗಿನ ಮನೆಯ ಹುಡುಗಿಗೆ ಈಗ ಒಂಬತ್ತು ವರ್ಷ. ಮೊನ್ನೆ ಸಂಜೆ ಕರೆಂಟು ಹೋಗಿ ಲಿಫ್ಟು ನಿಂತಿತ್ತು. ಚುಕ್ಕಿಯನ್ನು ಕರೆದುಕೊಂಡು ಮೆಟ್ಟಿಲಿಳಿಯುತ್ತಿದ್ದೆ, ಅವಳು ಟ್ಯೂಷನ್ ಚೀಲ ಹಾಕಿಕೊಂಡು ಮೇಲೆ ಬರುತ್ತಿದ್ದಳು. ತಿರುವಿನಲ್ಲಿ ಎದುರಾದೆವು. ನಾನು ಹಗ್ಗ ಗಿಡ್ಡ ಮಾಡಿ, ಚುಕ್ಕಿಯ ಮುಖವನ್ನು ಗೋಡೆಯ ಕಡೆ ತಿರುಗಿಸಿ, ನಡುವೆ ನಿಂತೆ. ಹುಡುಗಿ ಹೋಗಲಿಲ್ಲ. ಕೆಳಗಿನ ಮೆಟ್ಟಿಲ ಮೇಲೇ ನಿಂತು ನೋಡಿದಳು.

“ಅಂಕಲ್, ಅದಕ್ಕೆ ನನ್ನ ಕಂಡ್ರೆ ಇನ್ನೂ ಭಯಾನಾ?”

“ಹೂಂ ಪುಟ್ಟಿ, ಭಯ.”

“ನಂಗೂ,” ಎಂದಳು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ಕಂಬಿಯ ಕಡೆಗೆ ಒತ್ತರಿಸಿಕೊಂಡು, ಚುಕ್ಕಿಗೆ ಆದಷ್ಟು ಜಾಗ ಬಿಟ್ಟು, ಸದ್ದಾಗದಂತೆ ಮೇಲೆ ಹೋದಳು.